ನೀನು ಮುಟ್ಟದ ಭಂಡಾರ

ಫಕೀರಮ್ಮಾ,

ಕ್ಷೇಮ ಸಮಾಚಾರ ಕೇಳುವುದಿಲ್ಲ. ಮೊನ್ನೆ ಶಾಲೆಗೆ ಬಂದಾಗ ನಿನ್ನನ್ನು ಕಣ್ಣಾರೆ ಕಂಡಿದ್ದೇನೆ. ಭತ್ತದ ಸಸಿ ಹಚ್ಚಿ ಹಚ್ಚಿ ಸುಕ್ಕುಗಟ್ಟಿದ ಬೆರಳು, ನನಗಿಂತ ಹತ್ತು ವರ್ಷ ಹಿರಿಯಳಂತೆ ಕಾಣುವ ಮುಖ. ನಾವಿಬ್ಬರೂ ಒಂದೇ ವಾರಿಗೆಯವರು ಎಂದರೆ ಸ್ಟಾಫ್ ರೂಮಿನಲ್ಲಿ ಯಾರೂ ನಂಬಲಿಲ್ಲ. ನಾನೂ ಒತ್ತಿ ಹೇಳಲಿಲ್ಲ.

ನೀನು ಒಂದು ಮಾತು ಕೇಳಿ ಹೋದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ನಿನ್ನ ಮಗಳು ಸುಕನ್ಯಾಳನ್ನು ಗಂಗಾವತಿಯ ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು, ನವಲಿಯಿಂದ ದಿನಾ ಬಸ್ಸಿಗೆ ಓಡಾಡಿ ಓದಲು ಆಗುತ್ತಿಲ್ಲ ಎಂದು. "ಅಕಿನ್ನ ನಿನ್ನಂಗ ಮಾಡು, ಅನುಸೂಯಾ. ಮತ್ತೇನೂ ಬ್ಯಾಡ" ಅಂದೆ. ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದೆ. ಅದರ ಉತ್ತರ ಈ ಪತ್ರ.

ನಿನ್ನೆ ಹತ್ತನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ ಇನ್ನೊಸೆನ್ಸ್ ಎಂಬ ಪದ ಬಂತು. ತಪ್ಪು ಮಾಡದೇ ಇರುವುದು, ಕೆಟ್ಟದ್ದನ್ನು ಅರಿಯದೇ ಇರುವುದು ಎಂದು ಬೋರ್ಡಿನ ಮೇಲೆ ಬರೆದೆ. ಇಂಗ್ಲಿಷಿನವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ ಎಂದೂ ವಿವರಿಸಿದೆ. ಸುಕನ್ಯಾ ಎದ್ದು ನಿಂತು, ತಪ್ಪು ಮಾಡಿಲ್ಲ ಅಂತ ತೋರಿಸೋದು ಹೆಂಗ್ರಿ ಟೀಚರ್ ಎಂದು ಕೇಳಿದಳು. ಹಿಂದಿನ ಬೆಂಚಿನಿಂದ ಯಾರೋ ಆಣಿ ಮಾಡಿಸಬೇಕು ಅಂದರು, ಎಲ್ಲರೂ ನಕ್ಕರು. ನಿನ್ನ ಮಗಳು ನಗಲಿಲ್ಲ. "ನಮ್ಮನ್ಯಾಗ ದೇವರ ಮ್ಯಾಲ ಆಣಿ ಮಾಡಂಗಿಲ್ರಿ. ಖರೇ ಇದ್ರೂ ಮಾಡಂಗಿಲ್ಲ" ಅಂದಳು. ನಿನ್ನದೇ ಮಾತು, ನಿನ್ನದೇ ದನಿ. ನಾನು ಪಾಠ ಅಲ್ಲಿಗೇ ನಿಲ್ಲಿಸಿ ಕಾಪಿ ಬರೆಯಲು ಹೇಳಿದೆ.

ಹಾಸ್ಟೆಲಿನಲ್ಲಿ ವಾರ್ಡನ್ನಳ ವಾಚು ಕಳೆದಾಗ ನಾವು ಆರನೆಯ ಇಯತ್ತೆ. ಆ ದಿನ ಅವಳ ಕೋಣೆಯ ಕಸ ಹೊಡೆಯುವ ಪಾಳಿ ನಮ್ಮಿಬ್ಬರದು. ಹೀಗಾಗಿ ನಮ್ಮಿಬ್ಬರನ್ನೇ ಮಂಗಳವಾರ ಹುಲಿಗಿಗೆ ಕರೆದುಕೊಂಡು ಹೋದಳು. ಹುಲಿಗೆಮ್ಮನ ಎದುರು ಭಂಡಾರ ಹಿಡಿದು ನಾನು ಕದ್ದಿಲ್ಲ ಅನ್ನಬೇಕು, ಸುಳ್ಳಾಡಿದವಳ ಬಾಯಿ ಸೊಟ್ಟಗಾಗುತ್ತದೆ ಅಂದಳು. ನಾನೇ ಮೊದಲು ಮುಂದೆ ಹೋದೆ. ಆ ಅರಿಶಿನದ ಪುಡಿಯನ್ನು ಮುಷ್ಟಿ ತುಂಬ ಹಿಡಿದು ಗಟ್ಟಿಯಾಗಿ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ನಾನು. ನಿನ್ನ ಸರದಿ ಬಂದಾಗ ನೀನು ಕೈ ಹಿಂದೆ ಕಟ್ಟಿಕೊಂಡು ಅಳುತ್ತ ನಿಂತೆ. ನಿಮ್ಮದು ಆ ತಾಯಿಗೇ ನಡೆದುಕೊಳ್ಳುವ ಮನೆತನ. ನಮ್ಮ ವ್ಯಾಜ್ಯಕ್ಕೆ ತಾಯಿಯನ್ನು ಸಾಕ್ಷಿಗೆ ಎಳೆಯಬಾರದು ಎಂದು ನಿನ್ನವ್ವ ಕಲಿಸಿದ್ದಳು. ವಾರ್ಡನ್ನಳಿಗೆ ಅಷ್ಟೇ ಸಾಕಾಯಿತು. ಆಣೆ ಮಾಡಿದವಳು ಸಾಚಾ, ಮಾಡದವಳು ಕಳ್ಳಿ.

ಮರುದಿನ ನಿಮ್ಮಪ್ಪ ಹುಚ್ಚೀರಪ್ಪ ಬಂದ. ಎಲ್ಲ ಹುಡುಗಿಯರ ಎದುರು ನಿನ್ನ ಕಪಾಳಕ್ಕೆ ಹೊಡೆದು ಎಳೆದುಕೊಂಡು ಹೋದ. ನೀನು ಗೇಟಿನ ಹತ್ತಿರ ತಿರುಗಿ, ನನ್ನ ಚಾದರ ನೀನೇ ಹೊದ್ದುಕೋ, ನಿನ್ನದು ಹರಿದೈತಿ ಅಂದೆ. ಹೊದ್ದುಕೊಂಡೆ, ಫಕೀರಮ್ಮ. ಪಿಯುಸಿ ಮುಗಿಯುವವರೆಗೂ ಹೊದ್ದುಕೊಂಡೆ. ಬೆಚ್ಚಗಿತ್ತು.

ವಾಚು ಕದ್ದವಳು ನಾನು. ಆಣೆ ಮಾಡುವಾಗ ಅದು ನನ್ನ ಲಂಗದ ಜೇಬಿನಲ್ಲೇ ಇತ್ತು. ವಾರ್ಡನ್ ನಿನ್ನನ್ನು ಬೈಯುತ್ತಿದ್ದಾಗ ಕಾಲು ತೊಳೆಯುವ ನೆಪದಲ್ಲಿ ಗುಡಿಯ ಪಕ್ಕದ ಹೊಳೆಗೆ ಇಳಿದು ಎಸೆದು ಬಂದೆ. ಹದಿನೈದು ದಿನ ಕನ್ನಡಿಯಲ್ಲಿ ಬಾಯಿ ನೋಡಿಕೊಂಡೆ. ಏನೂ ಆಗಲಿಲ್ಲ, ನೋಡುವುದನ್ನೂ ಬಿಟ್ಟೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ, ಸರ್ಕಾರಿ ನೌಕರಿ ಸಿಕ್ಕಿತು, ಛಲೋ ಗಂಡ ಸಿಕ್ಕ, ಎರಡು ಮಕ್ಕಳಾದವು. ನಿನಗೆ ಮಂದಿಯ ಗದ್ದೆಯ ಕೆಸರು ಸಿಕ್ಕಿತು. ತಾಯಿ ಕೈಬಿಟ್ಟದ್ದು ಅವಳನ್ನು ನಂಬಿದವಳನ್ನೇ. ಕ್ರೂರ ಮಾತು ಅನ್ನಬೇಡ, ನಡೆದದ್ದು ಹಾಗೇ.

ಆದರೆ ಮೊನ್ನೆ ಹೋಗುವಾಗ ನೀನು ಅಂದೆಯಲ್ಲ, "ಆ ವಾಚ್ ಯಾರು ತಗೊಂಡಿದ್ರೋ, ಪಾಪ. ಅವರಿಗೂ ಏನು ತ್ರಾಸ ಇತ್ತೋ ಏನೋ" ಎಂದು, ಅದನ್ನು ಮಾತ್ರ ತಡೆದುಕೊಳ್ಳಲಾರೆ. ನನಗೆ ಯಾವ ತ್ರಾಸವೂ ಇರಲಿಲ್ಲ. ಹೊಟ್ಟೆಗಿತ್ತು, ಬಟ್ಟೆಗಿತ್ತು. ಕೆಂಪು ಪಟ್ಟಿಯ ವಾಚು ಬೇಕೆನಿಸಿತು, ತೆಗೆದುಕೊಂಡೆ. ಆ ಕೋಣೆಗೆ ಹೋದವರು ಇಬ್ಬರೇ. ನೀನಲ್ಲದಿದ್ದರೆ ನಾನು. ಇಷ್ಟು ತಿಳಿಯಲು ಇಪ್ಪತ್ತಾರು ವರ್ಷ ಸಾಲಲಿಲ್ಲವೇ ನಿನಗೆ? ಒಮ್ಮೆಯಾದರೂ ನನ್ನ ಮೇಲೆ ಸಂಶಯಪಟ್ಟಿದ್ದರೆ, ಮಣ್ಣು ತೂರಿ ಶಾಪ ಹಾಕಿದ್ದರೆ, ನಾನೂ ನಿನ್ನನ್ನು ದ್ವೇಷಿಸಿ ಹಗುರಾಗುತ್ತಿದ್ದೆ. ನಿನ್ನ ಒಳ್ಳೆಯತನಕ್ಕಿಷ್ಟು ಬೆಂಕಿ ಹತ್ತಲಿ.

ಈ ಪತ್ರವನ್ನು ಲಕೋಟೆಯಲ್ಲಿಟ್ಟು ಸುಕನ್ಯಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅಕ್ಷರ ಮರೆತುಹೋಗಿವೆ, ಮನೆಗೆ ಬಂದ ಕಾಗದವನ್ನೆಲ್ಲ ಮಗಳೇ ಓದುತ್ತಾಳೆ ಎಂದು ನೀನೇ ಹೇಳಿದ್ದೆ. ಅಂದರೆ ಇಷ್ಟು ಹೊತ್ತೂ ಓದಿ ಹೇಳುತ್ತಿರುವವಳು ಅವಳು. ನಾನೇ ನವಲಿಗೆ ಬಂದು ಹೇಳಬಹುದಿತ್ತು. ಬಂದಿದ್ದರೆ ನೀನು ನನ್ನ ಕೈ ಹಿಡಿದು, ಹೋಗಲಿ ಬಿಡು ಅಂದುಬಿಡುತ್ತಿದ್ದೆ. ನೀನು ಬಿಟ್ಟರೂ ಬಿಡದವರು ಒಬ್ಬರು ಬೇಕಿತ್ತು ನನಗೆ. ನನ್ನನ್ನು ದೇವರಂತೆ ನೋಡುವ ನಿನ್ನ ಮಗಳನ್ನೇ ಅದಕ್ಕೆ ಬಳಸಿಕೊಂಡಿದ್ದೇನೆ. ಅಂದು ನಿನ್ನ ಒಳ್ಳೆಯ ಹೆಸರು ಕದ್ದೆ, ನಿನ್ನಲ್ಲಿ ನಾನು ಮಾಡಿದ ಎರಡನೆಯ ಕಳವು ಇದು.

ಸೋಮವಾರ ಅವಳನ್ನು ನನ್ನ ಮನೆಗೆ ಕಳಿಸುವುದೋ ಬಿಡುವುದೋ ನೀವಿಬ್ಬರೂ ಕೂಡಿ ನಿರ್ಧರಿಸಿ. ಕಳಿಸಿದರೆ ಹೊಟ್ಟೆ ತುಂಬ ಉಣ್ಣಿಸಿ ಓದಿಸುತ್ತೇನೆ. ನನ್ನಂತೆ ಮಾತ್ರ ಮಾಡುವುದಿಲ್ಲ. ನಿನ್ನ ಹೊಟ್ಟೆ ತಣ್ಣಗಿರಲಿ, ಫಕೀರಮ್ಮ.

ಸುಕನ್ಯಾ, ಅವ್ವ ಸಾಕು ಎಂದು ಕೈ ಅಡ್ಡ ತಂದರೂ ನಿಲ್ಲಿಸಬೇಡ. ಇದೊಂದು ಸಾಲನ್ನು ಓಣಿಗೆಲ್ಲ ಕೇಳುವಂತೆ ಓದು: ನನ್ನವ್ವ ಕದ್ದಿಲ್ಲ.

ಕದ್ದವಳು,
ನಿನ್ನ ಇಂಗ್ಲಿಷ್ ಟೀಚರ್
ಅನುಸೂಯಾ