ಮಂಗಳೂರಿಗೂ ಮಸ್ಕತ್ತಿಗೂ ನಡುವೆ

ಹಂಗಾರಕಟ್ಟೆ
೨೮ ಸೆಪ್ಟೆಂಬರ್ ೨೦೨೫

ಪ್ರೀತಿಯ ರಮಿತಕ್ಕನಿಗೆ,

ನಿನ್ನ ತಂಗಿಯ ವಂದನೆಗಳು. ಮಗಳು ಹುಟ್ಟಿದ ಸುದ್ದಿಯನ್ನು ಭಾವ ತಿಳಿಸಿ ಎರಡು ವಾರವಾದ ಮೇಲೆ ಬರೆಯುತ್ತಿದ್ದೇನೆ, ತಡವನ್ನು ಮನ್ನಿಸು. ಅಮ್ಮನ ಕರೆಯನ್ನೂ ನನ್ನ ಕರೆಯನ್ನೂ ನೀನು ಎತ್ತುತ್ತಿಲ್ಲವಾದ್ದರಿಂದ ಕಾಗದವೊಂದೇ ಉಳಿದ ದಾರಿ. ನಾಡಿದ್ದು ಮಸ್ಕತ್ತಿಗೆ ಮರಳುವ ಪ್ರೇಮಾನಂದಣ್ಣನ ಕೈಯಲ್ಲಿ ಇದರೊಂದಿಗೆ ಅಮ್ಮ ಕಾಸಿದ ಬಾಣಂತಿ ಲೇಹ್ಯವೂ ಬರುತ್ತದೆ.

ಗಣಿತ ಎಂ.ಎಸ್ಸಿ.ಯಲ್ಲಿ ನಾನೇ ಪ್ರಥಮ. ನಿನಗಿದು ಆಶ್ಚರ್ಯವಾಗಲಾರದು, ನನಗೂ ಆಗಲಿಲ್ಲ.

ನಿನ್ನ ಸಿಟ್ಟು ನ್ಯಾಯವಾದದ್ದೆಂಬುದು ನನ್ನ ಅಭಿಪ್ರಾಯ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ನೀನು. ಜುಲೈಯಲ್ಲೇ ಹೊರಟಿದ್ದರೆ ಬಂದು ಮುಟ್ಟುತ್ತಿದ್ದೆ. ಆದರೆ ಅಮ್ಮ, "ಆಸಾಡಿಯಂಗ್ ಬಸ್ರಿ ಹೆಣ್ಣ್ ನೀರ್ ದಾಟುಕಾಗ. ತಿಂಗ್ಳ್ ಮುಗ್ದ್ ಮೇಲೆ ಬರ್ಲಿ" ಎಂದು ಹಟ ಹಿಡಿದಳು. ನಾನು ವಾದಿಸದೆ ಇರಲಿಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎರಡು ಸಾವಿರದ ನೂರು ಕಿಲೋಮೀಟರಿನ ಆಸುಪಾಸು, ಹಾರಾಟ ಮೂರು ಗಂಟೆ, ಗಡಿಯಾರ ತೋರಿಸುವ ಇನ್ನೊಂದೂವರೆ ಗಂಟೆ ಬರಿಯ ದೇಶಕಾಲದ ವ್ಯತ್ಯಾಸ ಎಂದು ಬಿಡಿಸಿ ಹೇಳಿದೆ. ಜಗಲಿಯಲ್ಲಿದ್ದ ಪಕ್ಕದ ಮನೆಯ ಸುಧಾಕರ ಮಾವ, "ಹ್ವಾಯ್, ಬರೀ ಮೂರ್ ಗಂಟಿಯಾ! ಬೈಂದೂರಿಗ್ ಹೋಪುಕೆ ನಾನ್ ಕುಂದಾಪ್ರದಂಗೆ ಬಸ್ಸಿಗ್ ಕಾಯುದೇ ಅಷ್ಟ್ ಹೊತ್ತ್!" ಎಂದು ನಕ್ಕರು. ಅಮ್ಮ ನಗಲಿಲ್ಲ.

ಆಗಸ್ಟ್ ನಡುವಿನಲ್ಲಿ ಆಸಾಡಿ ತಿಂಗಳು ಮುಗಿದು ನೀನು ಹೊರಟಾಗ, ದಿನ ತುಂಬುತ್ತಿದೆಯೆಂದು ವಿಮಾನದವರು ಹತ್ತಿಸಿಕೊಳ್ಳಲಿಲ್ಲ. ನಿಲ್ದಾಣದಿಂದಲೇ ನೀನು ಫೋನಿನಲ್ಲಿ ಅಮ್ಮನನ್ನು ಕೇಳಿದ್ದು ನನಗೂ ಕೇಳಿಸಿತ್ತು: "ಮೂರ್ ಗಂಟಿ ದಾರಿಗೂ ನಿಮ್ಗ್ ಪಂಚಾಂಗ ಬೇಕಾಯ್ತಾ?" ಅದೇ ನಿನ್ನ ಕೊನೆಯ ಮಾತು. ಅಂದಿನಿಂದ ಅಮ್ಮ ದಿನವೂ ನಿನಗೆ ಫೋನ್ ಮಾಡುತ್ತಾಳೆ. ಎತ್ತದಿದ್ದರೆ, "ಬಾಣಂತಿ, ಮಲ್ಗಿಪ್ಪುದಾಯ್ಕ್" ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ.

ಭಾವನಿಗೆ ನಮಸ್ಕಾರ. ಮಗು ಆಯುರಾರೋಗ್ಯದಿಂದ ಬೆಳೆಯಲಿ. ಚಿಕ್ಕಮ್ಮನಷ್ಟು ಅಂಕ ತೆಗೆಯದಿದ್ದರೂ ಚಿಂತೆಯಿಲ್ಲ.

ನಿನ್ನ ತಂಗಿ,
ನವ್ಯಶ್ರೀ

ಬರೆದು ಮುಗಿಸಿದ ಮೇಲೆ: ಎಂತ ಬರೆದೆಯೆಂದು ಅಮ್ಮ ಕೇಳಿದಳು, ಓದಿ ಹೇಳಿದೆ. "ನಿನ್ ಲೆಕ್ಕ ಸಮ ಇತ್ತ್" ಎಂದಳು. ಲೇಹ್ಯದ ಡಬ್ಬಿಯ ಮುಚ್ಚಳ ಬಿಗಿದು, ನಮಗಿಬ್ಬರಿಗೂ ಗೊತ್ತಿಲ್ಲದ್ದನ್ನು ಹೇಳಿದಳು. ನಿನಗಿಂತ ಮೊದಲು ಒಂದು ಗಂಡು ಮಗು ಇತ್ತು. ಹೊಳೆಯಾಚೆ ಬೆಂಗ್ರೆಯಲ್ಲಿದ್ದ ಅಜ್ಜಿಗೆ ಜ್ವರವೆಂದು, ಆಸಾಡಿಯ ನೆರೆಯಲ್ಲಿ, ಬಸುರಿ ಅಮ್ಮ ಯಾರ ಮಾತನ್ನೂ ಕೇಳದೆ ದೋಣಿ ಹತ್ತಿದ್ದಳು. ನಡುಹೊಳೆಯಲ್ಲಿ ದೋಣಿ ಹೊಯ್ದಾಡಿ, ಹಲಗೆಯ ಮೇಲೆ ಬಿದ್ದಳು. "ಆಚಿ ದಡದಂಗ್ ಮನಿ ಕಾಂತಿತ್ತ್, ಮಗಾ. ಎಲಿ ಅಡ್ಕಿ ಹಾಯ್ಕಂಡ್ ಉಗುಳುವಷ್ಟ್ರೊಳ್ಗೆ ಮುಟ್ಟುದಿತ್ತ್" ಎಂದಳು. ಮಗು ಅಳದೆಯೇ ಹುಟ್ಟಿತಂತೆ.

ಇದನ್ನು ನಿನಗೆ ಬರೆಯಬಾರದೆಂದು ಅಪ್ಪಣೆಯಾಗಿದೆ, ಬರೆದಿದ್ದೇನೆ. ಅಕ್ಕಾ, ಒಮ್ಮೆ ಅವಳಿಗೆ ಫೋನ್ ಮಾಡು. ಹೊಳೆಯ ಮಾತು ಎತ್ತಬೇಡ. ನೀನು ಮಾತಾಡದಿದ್ದರೂ ಸರಿಯೇ. ಮಗಳು ಅಳುವುದನ್ನು ಕೇಳಿಸಿದರೆ ಸಾಕು.