ಶ್ರೀಶೈಲ್ ಟ್ರಿಗರ್ ಮುಟ್ಟಿರಲಿಲ್ಲ

ಆಸ್ಟಿನ್, ಭಾನುವಾರ

ಮಾನ್ಯ ಮಹಾಬಲೇಶ್ವರ ಸರ್,

ಏಳು ತಿಂಗಳಿಂದ ನೀವು ನನ್ನ ಫೋನ್ ಎತ್ತುತ್ತಿಲ್ಲ. ಹರಿದು ಹಾಕುವ ಮುನ್ನ ಈ ಕಾಗದವನ್ನು ಒಮ್ಮೆಯಾದರೂ ಓದುತ್ತೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ಮಗಳು ಹುಟ್ಟಿ ಆರು ವರ್ಷ ಮನೆಯಲ್ಲಿದ್ದ ನನ್ನನ್ನು ಯಾವ ಕಂಪನಿಯೂ ಕರೆಯದಿದ್ದಾಗ ಹ್ಯೂಸ್ಟನ್ನಿನ ನಿಮ್ಮ ಪುಟ್ಟ ವರ್ಕ್‌ಶಾಪಿನಲ್ಲಿ ಕೆಲಸ ಕೊಟ್ಟವರು ನೀವು. "ಲೆಕ್ಕ ಮರೆತಿಲ್ಲ ತಾನೆ? ಸಾಕು, ನಾಳೆಯಿಂದ ಬಾಮ್ಮ" ಎಂದಿರಿ. ವರ್ಷಗಳಿಂದ ತಿದ್ದುತ್ತಿದ್ದ ಬಂದೂಕಿನ ನಕ್ಷೆಯನ್ನು ಅಂದೇ ತೋರಿಸಿದಿರಿ. ಬೇರೆ ಬಂದೂಕುಗಳಲ್ಲಿ ಗುಂಡು ತುಂಬುವ ಮ್ಯಾಗಜಿನ್ ಕೆಳಗೆ ನೇತಾಡುತ್ತದೆ. ನಿಮ್ಮದರಲ್ಲಿ ಅದು ನಳಿಕೆಯ ಮೇಲೆ ಉದ್ದಕ್ಕೆ ಮಲಗಿತ್ತು, ಅದರೊಳಗೆ ಅರವತ್ತು ಗುಂಡು. ನೋಡಲು ವಿಚಿತ್ರವಾಗಿತ್ತು. ಆದರೂ ನೀವು ವಿವರಿಸುವುದನ್ನು ಕೇಳುತ್ತ ಕೇಳುತ್ತ ನನಗೂ ಅದು ಚೆಂದವೇ ಅನ್ನಿಸಿಬಿಟ್ಟಿತು.

ನಿಮಗೆ ಎದುರಿಗೆ ಹೇಳದ ಮಾತೊಂದಿದೆ. ಬಂದೂಕು ಹಾರಿಸಿ ನೋಡುವ ಪರೀಕ್ಷೆಗೆ ಎರಡು ವಾರ ಮುಂಚೆಯೇ ನನಗೆ ಸಂಶಯ ಬಂದಿತ್ತು. ಅಷ್ಟು ಗುಂಡುಗಳ ಭಾರವಿದ್ದಾಗ ಸಣ್ಣ ಏಟಿಗೂ ಒಳಗಿನ ಕೊಂಡಿ ಜಾರಿ ಬಂದೂಕು ತಾನಾಗಿ ಸಿಡಿಯಬಹುದೆಂದು ಲೆಕ್ಕ ಹೇಳುತ್ತಿತ್ತು. ಅದನ್ನು ಕೊಳ್ಳಲಿದ್ದ ಡಲ್ಲಾಸಿನ ಗಿರಾಕಿಗಳಿಗೆ ಪರೀಕ್ಷೆಯ ವರದಿ ಕಳಿಸುವ ದಿನವನ್ನು ನೀವು ಹೇಳಿಯಾಗಿತ್ತು. ನಾನು ಬಾಯಿ ಬಿಡಲಿಲ್ಲ.

ಆ ಗುರುವಾರ ಹ್ಯೂಸ್ಟನ್ ಹೊರಗಿನ ಫುಲ್‌ಶೀರ್ ಊರಿನ ಆಚೆಯ ಬಯಲಿನಲ್ಲಿ ನಾವು ಮೂವರೇ ಇದ್ದೆವು. ನಮ್ಮ ಟೆಕ್ನಿಷಿಯನ್ ಶ್ರೀಶೈಲ್ ಹದಿನೇಳು ಗುಂಡು ಹಾರಿಸಿ, ನಳಿಕೆಯ ಬಿಸಿ ಅಳೆಯಲೆಂದು ಬಂದೂಕನ್ನು ಮೇಜಿನ ಮೇಲಿಟ್ಟು ಎರಡೂ ಕೈ ತೆಗೆದ. ಅದು ತಾನಾಗಿ ಸಿಡಿಯಿತು. ಗುಂಡು ಕಬ್ಬಿಣದ ಕಂಬಕ್ಕೆ ಬಡಿದು, ಚೂರೊಂದು ಅವನ ಎಡಗಿವಿಯನ್ನು ಹರಿದುಕೊಂಡು ಹೋಯಿತು. ಸಿಡಿದ ರಭಸಕ್ಕೆ ಬಂದೂಕು ಅರ್ಧ ತಿರುಗಿ ನಮ್ಮ ಕಡೆಗೇ ಮುಖ ಮಾಡಿ ನಿಂತಿತು. ಒಳಗೆ ಇನ್ನೂ ನಲವತ್ತೆರಡು ಗುಂಡು.

"ಯಾರೂ ಅಲ್ಲಾಡಬೇಡಿ" ಎಂದಿರಿ.

"ಮೇಡಂ, ನಾ ಟ್ರಿಗರ್ ಮುಟ್ಟಿಲ್ಲರಿ. ನೀವು ನೋಡೀರಲ್ರಿ?" ಎಂದು ಶ್ರೀಶೈಲ್ ಕಿವಿ ಹಿಡಿದುಕೊಂಡು ಹೇಳುತ್ತಲೇ ಇದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಅರವತ್ತೆಂಟು ವರ್ಷದ ನೀವು ನೆಲಕ್ಕೆ ಹೊಟ್ಟೆ ಹಚ್ಚಿ ತೆವಳಿದಿರಿ. ಮೇಜಿನ ಹಿಂದಿನಿಂದ ಕೈ ಚಾಚಿ ಮ್ಯಾಗಜಿನ್ ಕಳಚಿದಿರಿ. ನಿಮ್ಮ ಕೈ ನಡುಗಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಕೈಯಿಂದ ನೀವು ವರದಿ ಬರೆದಿದ್ದಿರಿ: ಪರೀಕ್ಷಕನ ಬೆರಳು ತಪ್ಪಿ ಟ್ರಿಗರಿಗೆ ತಾಗಿತು ಎಂದು. "ಹನ್ನೊಂದು ವರ್ಷ ಕಣಮ್ಮ. ಇದೊಂದಕ್ಕೆ ಸೈನ್ ಮಾಡು, ಕೊಂಡಿ ಆಮೇಲೆ ಸರಿ ಮಾಡೋಣ" ಎಂದಿರಿ. ನೀವು ಬೇಡಿಕೊಳ್ಳುವುದನ್ನು ನಾನು ಅಂದೇ ಮೊದಲು ಕೇಳಿದ್ದು. ಹೆಸರಿನ ಮೊದಲಕ್ಷರ ಬರೆದೂಬಿಟ್ಟೆ ಸರ್. ಆಗ ಅನ್ನಿಸಿತು, ನಾಳೆ ಇದು ಯಾರದೋ ಮನೆಯ ಮೇಜಿನ ಮೇಲೆ ಸಿಡಿದಾಗ, ನಾನು ಮುಟ್ಟಿಲ್ಲ ಎಂದು ಅವರು ಎಷ್ಟು ಅತ್ತರೂ ಯಾರೂ ನಂಬುವುದಿಲ್ಲ. ಪೆನ್ನು ಕೆಳಗಿಟ್ಟೆ. ಮೊದಲೇ ತಿಳಿದೂ ಸುಮ್ಮನಿದ್ದೆ ಎಂಬುದನ್ನೂ ಸೇರಿಸಿ, ಇಡೀ ಲೆಕ್ಕವನ್ನು ಡಲ್ಲಾಸಿಗೆ ಕಳಿಸಿದೆ. "ಹೊರಡಮ್ಮ" ಎಂದಷ್ಟೇ ಹೇಳಿದಿರಿ.

ಗಿರಾಕಿಗಳು ಹಿಂದೆ ಸರಿದರು, ನೀವು ವರ್ಕ್‌ಶಾಪ್ ಮುಚ್ಚಿದಿರಿ. ನಕ್ಷೆಗಳನ್ನು ಕಟ್ಟಿಟ್ಟ ಕೋಣೆಗೆ ನೀವು ಕಾಲಿಡುವುದಿಲ್ಲ ಎಂದು ನಿಮ್ಮ ಮನೆಯವರು ವಸಂತಾ ಆಂಟಿ ಹೇಳಿದರು. ಆ ಲೆಕ್ಕ ಕಳಿಸಿದ್ದಕ್ಕೆ ಕ್ಷಮೆ ಕೇಳಲಾರೆ. ಎರಡು ವಾರ ಸುಮ್ಮನಿದ್ದುದಕ್ಕೆ ಕೇಳುತ್ತೇನೆ, ನಿಮ್ಮನ್ನೂ ಶ್ರೀಶೈಲನನ್ನೂ.

ಶ್ರೀಶೈಲನಿಗೆ ಹ್ಯೂಸ್ಟನ್ನಿನಲ್ಲೇ ಬೇರೆ ಕೆಲಸ ಸಿಕ್ಕಿದೆ. ನಿಮ್ಮ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. "ಸರ್ ತೆವಳ್ಕೊಂತ ಬಂದ್ರಲ್ರಿ, ಅದನ್ನ ಹೆಂಗ ಮರೀಲಿ? ಆದ್ರ ಒಂದ್ಸಲ ಅವರೇ ಹೇಳ್ಬೇಕ್ರಿ, ನಾ ಮುಟ್ಟಿಲ್ಲ ಅಂತ" ಎಂದ.

ಭಾನುವಾರ ಅವನು ಮನೆಯಲ್ಲಿರುತ್ತಾನೆ. ಹೋಗಿ ಬನ್ನಿ ಸರ್. ಅವನ ಬಲಗಡೆ ಕೂತು ಹೇಳಿ; ಎಡಗಿವಿ ಈಗ ಕೇಳಿಸುವುದಿಲ್ಲ.

ನಿಮಗೂ ಆಂಟಿಗೂ ನೆಮ್ಮದಿಯ ನಿದ್ದೆ ಬರಲಿ.

ನಿಮ್ಮಿಂದಲೇ ಕೆಲಸ ಕಲಿತ,
ಮೇಧಾ