ಬಸ್ ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ

9-3-81
ಮೂರನೇ ಕ್ಲಾಸಿನ ಉತ್ತರಪತ್ರಿಕೆ ಅರ್ಧ ಮುಗಿಯಿತು. ತಲೆ ಸಿಡಿಯುತ್ತಿದೆ. ಓಂಕಾರ ಊಟಕ್ಕೆ ಬಂದಿಲ್ಲ. ಈ ತಮ್ಮನಿಗೆ ಹೊತ್ತುಗೊತ್ತು ಅನ್ನುವುದೇ ಇಲ್ಲ.

ಸಂಜೆ
ಓಂಕಾರನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ! ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಹಾಡಹಗಲೇ ಯಾರಿಗೋ ಚಾಕು ಹಾಕಿದರಂತೆ. ಎಲ್ಲರೂ ಓಡಿದರು. ಇವನೊಬ್ಬ ಓಡಲಿಲ್ಲ. ಬಿದ್ದವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೀರು, ನೀರು ಅಂತ ಕೂಗಿದನಂತೆ. ಆ ಜೀವ ಹೋಯಿತು. ಅಂಗಿ ತುಂಬ ರಕ್ತ ಇದ್ದವನು ಇವನೊಬ್ಬನೇ...

14-3-81
ಇರಿದವನು ಸಾರಾಯಿ ಕಂಟ್ರಾಕ್ಟರ್ ಕಡೆಯ ಬೀರಯ್ಯ. ಊರಿಗೇ ಗೊತ್ತು. ಹೋಟೆಲಿನ ದೇವೀರಪ್ಪನವರ ಕಣ್ಣೆದುರೇ ನಡೆದದ್ದು. ಸಾಕ್ಷಿ ಹೇಳಿ ಅಂತ ಹೋಗಿ ಕೈಮುಗಿದೆ.
"ನಾನು ದೋಸೆ ಮಗುಚ್ತಿದ್ದೆ ಕಣಮ್ಮಾ. ಬೆನ್ನು ಆ ಕಡೆಗಿತ್ತು."
ಬೆನ್ನಂತೆ! ದೋಸೆ ಹಂಚು ಇರುವುದೇ ರಸ್ತೆಗೆ ಮುಖ ಮಾಡಿ.
ಪಕ್ಕದ ಮನೆ ತೀರ್ಥಮ್ಮನೂ ಅವತ್ತು ಅಲ್ಲಿದ್ದರು. "ನಾನೊಬ್ಳೇ ನೋಡಿದ್ನಾ ವಿಮಲಾ? ಬಸ್ ಸ್ಟ್ಯಾಂಡೇ ನೋಡೈತೆ ಕಣೇ" ಅಂದು ಸೌತೆಕಾಯಿ ಕೊಟ್ಟು ಕಳಿಸಿದರು. ಸೌತೆಕಾಯಿ ತಗೊಂಡು ಏನು ಮಾಡಲಿ?

2-7-81
ಚಿಕ್ಕಮಗಳೂರಿಗೆ ಹೋಗಿ ಜೈಲಿನಲ್ಲಿ ನೋಡಿ ಬಂದೆ. ಅರ್ಧ ಆಗಿದ್ದಾನೆ.
"ಅಕ್ಕಾ, ನಾನು ಎತ್ಕೊಂಡಿದ್ದು ತಪ್ಪಾ?"
ಅತ್ತುಬಿಟ್ಟೆ.

20-1-82
ಸಾಕ್ಷಿ ಸಿಕ್ಕಿದಳು! ಬಸ್ ಸ್ಟ್ಯಾಂಡಿನ ಬಳೆ ಅಂಗಡಿ ಚಾಂದ್ ಬಿ. ತಾನಾಗಿಯೇ ಮನೆಗೆ ಬಂದಳು.
"ಬೀರಯ್ಯ ಚಾಕು ಒರೆಸ್ಕೊಂಡಿದ್ದು ನನ್ನ ಅಂಗಡಿ ಪರದೆಗೇ ಟೀಚರಮ್ಮಾ. ಇಷ್ಟು ದಿನ ಹೆದ್ರಿದ್ದೆ. ಅನ್ನ ಸೇರ್ತಿಲ್ಲ. ಕೋರ್ಟಲ್ಲಿ ಹೇಳ್ತೀನಿ."
ಕಾಲು ಹಿಡಿಯಲು ಹೋದೆ, ಬಿಡಲಿಲ್ಲ. ಇವಳು ಬಂದರೆ ಹುಡುಗ ಉಳಿದ, ಇಲ್ಲದಿದ್ದರೆ ಜೀವಾವಧಿ — ವಕೀಲರ ಮಾತು.

8-2-82
ನಾಳೆ ಸಾಕ್ಷಿ. ನಲ್ಲಿಯ ಹತ್ತಿರ ತೀರ್ಥಮ್ಮ ಕಿವಿಯಲ್ಲಿ ಅಂದರು: "ಚಾಂದ್ ಬಿ ಅತ್ಲಾಗೆ ಕೋರ್ಟಿಗೆ ಹೋಗ್ತಿದ್ದಂಗೇ ಇತ್ಲಾಗೆ ಅಂಗಡಿಗೆ ಬೆಂಕಿ ಇಕ್ತಾರಂತೆ ಕಣೇ, ಬೀರಯ್ಯನ ಕಡೆಯೋರು. ನಾನ್ ಹೇಳ್ದೆ ಅನ್ಬೇಡ."
ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಅವಳು ಕೋರ್ಟಿಗೆ ಬಂದರೆ ಅಲ್ಲಿ ಮಗಳು ಮೆಹರುನ್ನೀಸಾ ಒಬ್ಬಳೇ ಇರುತ್ತಾಳೆ.
ಹೇಳಿದರೆ ಚಾಂದ್ ಬಿ ಬರುವುದಿಲ್ಲ. ಯಾವ ತಾಯಿ ಬರುತ್ತಾಳೆ? ಪೊಲೀಸರಿಗೆ ಹೇಳುವುದೂ ಒಂದೇ, ಬೀರಯ್ಯನಿಗೆ ಹೇಳುವುದೂ ಒಂದೇ.
ಸುಮ್ಮನೆ ಹೆದರಿಸುವ ಮಾತಿರಬಹುದು. ತೀರ್ಥಮ್ಮ ಅವಳಿಗೂ ಹೇಳಿರಬಹುದು... ಥೂ, ಎಂಥ ಹಾಳು ಬುದ್ಧಿ ನನ್ನದು.

9-2-82, ಬೆಳಿಗ್ಗೆ
ಚಾಂದ್ ಬಿ ಬುರ್ಖಾ ಹಾಕಿಕೊಂಡು ಬಂದು ಜಗಲಿಯಲ್ಲಿ ಕೂತಿದ್ದಾಳೆ. ಕಾಫಿ ಕೊಟ್ಟೆ. ನಗುತ್ತಾ ಇಸಕೊಂಡಳು. ಅವಳಿಗೆ ಯಾರೂ ಹೇಳಿಲ್ಲ.
ಮಗಳನ್ನೂ ಕರೆದುಕೊಂಡು ಬಾ ಅಂದೆ.
"ಜ್ವರ ಟೀಚರಮ್ಮಾ, ಮಲಗವ್ಳೆ. ಯಾರೂ ಬರದಂಗೆ ಹೊರಗಿಂದ ಬೀಗ ಹಾಕ್ಕೊಂಡು ಬಂದೀನಿ. ಯಾಕೆ, ಏನಾಯ್ತು?"
ಏನಿಲ್ಲ ಅಂದೆ.
ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಓಂಕಾರಾ, ನಾನೇನು ಮಾಡಲಿ ಹೇಳೋ... ಬಸ್ಸಿಗೆ ಹೊತ್ತಾಯಿತಂತೆ, ಕರೆಯುತ್ತಿದ್ದಾಳೆ —